ಅಪ್ಪ ಮಾತ್ರೆ ಬಿಟ್ಟು ಪುಡಿ ಹಿಡಿದವ್ರೆ, ಖಾಲಿಹೊಟ್ಟೆ ಶುಗರ್ 118 ಬಂತು ಅಂತ ಬೀಗ್ತಾವ್ರೆ. ಹೆಂಗೆ ಒಪ್ಸೋದು?

ಆಲೂರ್_ಹೈದ
ಎಲ್ರಿಗೂ ನಮಸ್ಕಾರ. ನಾನಿರೋದು ಬೆಂಗಳೂರು, ಅಪ್ಪ-ಅಮ್ಮ ಆಲೂರು ತಾಲ್ಲೂಕಲ್ಲಿ. ಸ್ವಲ್ಪ ಗದ್ದೆ, ಒಂದಿಷ್ಟು ಕಾಫಿ, ಜೋಳ. ಅಪ್ಪಂಗೆ 59. ಯುಗಾದಿ ಹೊತ್ತಿಗೆ ಕಣ್ಣು ಮಂಜಾಗ್ತದೆ ಅಂತ ಕನ್ನಡಕ ಮಾಡ್ಸೋಕೆ ಹಾಸನಕ್ಕೆ ಹೋದ್ರು. ಕಣ್ಣು ನೋಡಿದೋರೇ ಮೊದ್ಲು ಶುಗರ್ ನೋಡ್ಸಿ ಬನ್ನಿ ಅಂದ್ರಂತೆ. ಮೂರು ತಿಂಗಳ ಶುಗರ್, ಅದೇ ಎಚ್‌ಬಿಎ1ಸಿ, 9.1. ಡಾಕ್ಟ್ರು ಮೆಟ್‌ಫಾರ್ಮಿನ್ 500 ಬೆಳಗ್ಗೆ-ರಾತ್ರಿ ಬರೆದ್ರು.

ಒಂದಿಷ್ಟು ದಿನ ನುಂಗಿದ್ರು. ಆಮೇಲೆ ಹೊಟ್ಟೆ ಗುಡುಗುಡು ಅಂತದೆ, ಗದ್ದೇಲಿ ನಿಲ್ಲೋಕಾಗಲ್ಲ ಅಂತ ತಕರಾರು. ಅಷ್ಟರಲ್ಲಿ ಸಂಬಂಧದ ದೊಡ್ಡಪ್ಪ ಒಬ್ರು ಬಂದು "ಮಾತ್ರೆ ಒಂದ್ಸಲ ಹಚ್ಕೊಂಡ್ರೆ ಸಾಯೋಗಂಟ ಬಿಡಂಗಿಲ್ಲ, ಕಿಡ್ನಿ ತಿಂದಾಕ್ತವೆ" ಅಂತ ಹೆದರ್ಸಿ ಯಾವುದೋ ಪುಡಿ ಕೊಡ್ಸವ್ರೆ. ಜೊತೆಗೆ ಹಿತ್ತಲಲ್ಲಿರೋ ಇನ್ಸುಲಿನ್ ಗಿಡದ ಎಲೆ. ಈಗ ಮನೆ ಮಿಷಿನ್ನಲ್ಲಿ ಬೆಳಗ್ಗೆ ಖಾಲಿಹೊಟ್ಟೇಲಿ 118 ಬಂತು ಅಂತ ಫೋನ್ ಮಾಡಿ ನಂಗೇ ಬುದ್ಧಿ ಹೇಳ್ತಾರೆ.

118 ಅಂದ್ರೆ ನಿಜವಾಗ್ಲೂ ಕಂಟ್ರೋಲಿಗೆ ಬಂತು ಅಂತಾನಾ? ಇನ್ನೊಂದು, ಇಂಥ ಹಠಮಾರಿ ಅಪ್ಪಂದಿರಿಗೆ ಹೇಳೋದು ಹೆಂಗೆ?

ಮುದ್ದೆಪ್ರಿಯ
ಅನ್ನ ಬಿಡ್ಸಿ, ಮೂರೊತ್ತೂ ಮುದ್ದೆ ಹಾಕಿ, ಮುಗೀತು. ನಮ್ಮಜ್ಜ ತೊಂಬತ್ತು ದಾಟಿ ಬದುಕಿದ್ದ, ಶುಗರ್ ಅನ್ನೋ ಹೆಸರೇ ಕೇಳಿರ್ಲಿಲ್ಲ.

ಬೇಲೂರ್_ಸಿಸ್ಟರ್
ನಿಮ್ಮಜ್ಜ ಕೇಳಿರ್ಲಿಲ್ಲ ಸರಿ, ಯಾರಾದ್ರೂ ನೋಡ್ಸಿದ್ರಾ?

ತಮ್ಮ ಆಲೂರ್_ಹೈದ, 118 ಒಂದನ್ನೇ ನೋಡಿ ಕುಣಿಯೋ ಹಾಗಿಲ್ಲ. ಅಪ್ಪ ಊಟದ ಮೊದಲ ತುತ್ತು ಬಾಯಿಗಿಟ್ಟ ಹೊತ್ತಿಂದ ಲೆಕ್ಕ ಹಾಕಿ ಎರಡು ಗಂಟೆಗೆ ಒಂದ್ಸಲ ಬೆರಳು ಚುಚ್ಚಿ ನೋಡ್ಲಿ. ಕಥೆ ಅಲ್ಲಿರ್ತದೆ.

ಅಪ್ಪಂಗಿರೋ ಥರದ ಟೈಪ್ 2 ಸಕ್ಕರೆ ಕಾಯಿಲೆ ಅಂದ್ರೆ ಮೈಯಲ್ಲಿ ಸಕ್ಕರೆ ಇಳಿಸೋ ಇನ್ಸುಲಿನ್ನೇ ಇಲ್ಲ ಅಂತಲ್ಲ. ಮೊದಮೊದ್ಲು ಬೇಕಾದ್ದಕ್ಕಿಂತ ಜಾಸ್ತೀನೇ ಇರ್ತದೆ, ಆದ್ರೆ ಸ್ನಾಯು, ಲಿವರ್ ಅದಕ್ಕೆ ಬಗ್ಗಲ್ಲ. ಇನ್ಸುಲಿನ್ ಮಾಡೋ ಮೇದೋಜ್ಜೀರಕ ಗ್ರಂಥಿ ವರ್ಷಗಟ್ಲೆ ಹೆಚ್ಚು ದುಡಿದು ದುಡಿದು ಕೊನೆಗೆ ಸೋಲ್ತದೆ. ನಾವು ಮಲಗಿದ್ದಾಗ್ಲೂ ಲಿವರ್ ರಕ್ತಕ್ಕೆ ಸಕ್ಕರೆ ಬಿಡ್ತಾ ಇರ್ತದೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ತಡೆಯೋದು ಅದನ್ನ.

ಹೊಟ್ಟೆ ಕೆಡೋದು ನಿಜ, ಸುಳ್ಳಲ್ಲ. ಊಟದ ಮಧ್ಯೆ ಅಥವಾ ಊಟ ಆದ ತಕ್ಷಣ ತಗೊಂಡ್ರೆ ಎಷ್ಟೋ ಕಮ್ಮಿ ಆಗ್ತದೆ. ನಿಧಾನಕ್ಕೆ ಕರಗೋ ಎಸ್‌ಆರ್ ಮಾತ್ರೆ ಇದೆ, ಕಡಿಮೆ ಡೋಸಲ್ಲಿ ಶುರು ಮಾಡಿ ಏರ್ಸೋದೂ ಇದೆ. ಡಾಕ್ಟ್ರಿಗೆ "ಹೊಟ್ಟೆ ಕೆಟ್ಟಿದೆ" ಅಂತ ಒಂದು ಮಾತು ಹೇಳಿದ್ರೆ ಬದ್ಲಾಯಿಸಿ ಕೊಡ್ತಾರೆ. ನಮ್ಮ ಜನ ಹೇಳೋದಿಲ್ಲ, ಮಾತ್ರೆ ಬಿಟ್ಟು ಮನೇಲಿ ಕೂರ್ತಾರೆ.

ಇನ್ನು ಕಿಡ್ನಿ ಮಾತು. ಕಿಡ್ನಿ ಹಾಳು ಮಾಡೋದು ವರ್ಷಗಟ್ಲೆ ಏರಿ ಕೂತ ಸಕ್ಕರೆ ಮತ್ತು ಬಿಪಿ. ಕಿಡ್ನಿ ಮೊದ್ಲೇ ಸೋತಿದ್ರೆ ಮೆಟ್‌ಫಾರ್ಮಿನ್ ಕಮ್ಮಿ ಮಾಡ್ತಾರೆ, ತೀರಾ ಸೋತಿದ್ರೆ ನಿಲ್ಲಿಸ್ತಾರೆ. ಜನ ಅದನ್ನ ನೋಡಿ ಮಾತ್ರೆಯಿಂದ್ಲೇ ಕಿಡ್ನಿ ಹೋಯ್ತು ಅಂತ ತಿರುಗಿಸಿ ಹೇಳ್ತಾರೆ.

ಕೊಪ್ಪದ_ಜಡಿಮಳೆ
ಎಂತ ಮಾರಾಯ್ರೆ, ಗಿಡಮೂಲಿಕೆ ಅಂದ ಕೂಡ್ಲೇ ಎಲ್ಲರೂ ಮೂಗು ಮುರೀತೀರಿ. ನಮ್ಮ ಚಿಕ್ಕಮ್ಮ ಮಧುನಾಶಿನಿ ತಿಂತಾರೆ, ಹಾಗಲಕಾಯಿ ರಸ ಕುಡೀತಾರೆ, ಆರಾಮಾಗೇ ಇದ್ದಾರೆ. ಇಂಗ್ಲಿಷ್ ಮದ್ದಿನ ಕಂಪನಿಗಳ ದುಡ್ಡಿನ ಆಟ ಇದೆಲ್ಲ.

ಅರಸೀಕೆರೆ_ಮೇಷ್ಟ್ರು
ಜಡಿಮಳೆಯವರೇ, ಮಧುನಾಶಿನಿ ಎಲೆ ಜಗಿದು ಮೇಲೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದ ಹಾಗಿರುತ್ತದೆ, ಸಿಹಿ ಗೊತ್ತೇ ಆಗುವುದಿಲ್ಲ. ನಾಲಗೆಯಲ್ಲಿ ಸಿಹಿ ಹಿಡಿಯುವ ಜಾಗವನ್ನು ಅದರ ಸತ್ವ ಸ್ವಲ್ಪ ಹೊತ್ತು ಮುಚ್ಚುತ್ತದೆ. ಅದರಲ್ಲಿ ಗುಣ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ 9.1 ಇರುವವರಿಗೆ ಮಾತ್ರೆಯ ಬದಲಿಗೆ ಅದನ್ನು ಕೊಡುವಷ್ಟು ಆಧಾರ ಇಲ್ಲ.

ಇನ್ಸುಲಿನ್ ಗಿಡದಲ್ಲಿ ಇನ್ಸುಲಿನ್ ಇಲ್ಲ. ಇದ್ದರೂ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತಿತ್ತು, ಅದಕ್ಕೇ ಇನ್ಸುಲಿನ್ನನ್ನು ಸೂಜಿಯಲ್ಲಿ ಕೊಡುವುದು.

ಗಿಡ ಬೇಕು ಅನ್ನುವವರಿಗೆ ಒಂದು ವಿಷಯ: ಮೆಟ್‌ಫಾರ್ಮಿನ್ನಿನ ಮೂಲವೂ ಗಿಡವೇ. ಯುರೋಪಿನಲ್ಲಿ ಗಲೀಗಾ ಎಂಬ ಗಿಡವನ್ನು ಹಳೇ ಕಾಲದಿಂದ ಔಷಧಕ್ಕೆ ಬಳಸುತ್ತಿದ್ದರು. ಅದರಲ್ಲಿರುವ ರಾಸಾಯನಿಕದ ಜಾಡು ಹಿಡಿದು ಬಂದ ಮದ್ದನ್ನು 1957ರಲ್ಲಿ ಫ್ರಾನ್ಸಿನ ಜೀನ್ ಸ್ಟರ್ನ್ ಎಂಬ ವೈದ್ಯರು ರೋಗಿಗಳಿಗೆ ಕೊಟ್ಟು ನೋಡಿದರು. ಈಗ ಜನೌಷಧಿ ಅಂಗಡಿಯಲ್ಲಿ ಪುಡಿಗಾಸಿಗೆ ಸಿಗುವ ಮಾತ್ರೆ. ಇದರಲ್ಲಿ ಯಾವ ಕಂಪನಿ ಬಂಗಲೆ ಕಟ್ಟೀತು?

ನನಗೆ ಭಯ ಇರುವುದು ಎಲೆಯ ಬಗ್ಗೆ ಅಲ್ಲ, ಆ ಹೆಸರಿಲ್ಲದ ಪುಡಿಯ ಬಗ್ಗೆ. ಇಂಥ ಪುಡಿಗಳಲ್ಲಿ ಸಕ್ಕರೆ ಇಳಿಸುವ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿ ಮಾರಿದ್ದು ಹಲವು ದೇಶಗಳಲ್ಲಿ ಲ್ಯಾಬ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಎಷ್ಟು ಬೆರೆಸಿದ್ದಾರೆ ಅಂತ ತಿನ್ನುವವನಿಗೂ ಗೊತ್ತಿರುವುದಿಲ್ಲ.

ಕೊಪ್ಪದ_ಜಡಿಮಳೆ
ಮೇಷ್ಟ್ರೆ ಪಾಠ ಚೆನ್ನಾಗಿದೆ. ಚಿಕ್ಕಮ್ಮ ಮಾತ್ರೆನೂ ತಗೊಳ್ತಾರೆ, ಅದನ್ನ ಹೇಳಿರ್ಲಿಲ್ಲ ಅಷ್ಟೆ 😄

ಬೇಲೂರ್_ಸಿಸ್ಟರ್
ಹೇಳ್ಬೇಕಾದ್ದೇ ಅದು ಕಣ್ರೀ!!

ಲ್ಯಾಬ್_ಹುಡುಗ_ಹಾಸನ
ಲ್ಯಾಬಲ್ಲಿ ಕೂತು ದಿನಾ ನೋಡೋದನ್ನ ಹೇಳ್ತೀನಿ. ನಮ್ಮ ಕಡೆ ಅರ್ಧಕ್ಕರ್ಧ ಜನ ಹಾಸನಾಂಬೆ ಬಾಗಿಲು ತೆಗೆದಂಗೆ ವರ್ಷಕ್ಕೊಂದ್ಸಲ ಶುಗರ್ ನೋಡ್ಸೋದು. ಅದೂ ಖಾಲಿಹೊಟ್ಟೇದು ಮಾತ್ರ. ಊಟದ್ದು ಕೊಡಿ ಅಂದ್ರೆ ಬಸ್ಸು ಹೋಗ್ತದೆ ಸಾ ಅಂತ ಓಡ್ತಾರೆ.

ಕೆಂಪು ರಕ್ತಕಣದ ಆಯಸ್ಸು ಹತ್ತಿರ ಹತ್ತಿರ 120 ದಿನ. ಅದಕ್ಕೆ ಅಂಟಿಕೊಂಡ ಸಕ್ಕರೆ ಅಳೆಯೋದೇ ಎಚ್‌ಬಿಎ1ಸಿ. ಆ ರಿಪೋರ್ಟಿಗೆ ಹಿಂದಿನ ದಿನದ ಉಪವಾಸ ನಡೆಯಲ್ಲ. 5.7ರ ಒಳಗೆ ಮಾಮೂಲಿ, 6.5 ಮತ್ತು ಮೇಲೆ ಸಕ್ಕರೆ ಕಾಯಿಲೆ, ನಡುವಿಂದು ಅಂಚಲ್ಲಿರೋರು. ಖಾಲಿಹೊಟ್ಟೇಲಿ 126 ಮತ್ತು ಮೇಲಿದ್ರೆ ಕಾಯಿಲೆ ಲೆಕ್ಕ, 100ರಿಂದ 125 ಅಂಚು. ಲಕ್ಷಣ ಏನೂ ಇಲ್ದಿದ್ರೆ ಒಂದೇ ಸಲದ ರಿಪೋರ್ಟ್ ನಂಬ್ದೆ ಇನ್ನೊಮ್ಮೆ ನೋಡ್ತಾರೆ. ರಕ್ತಹೀನತೆ ಇರೋರಿಗೆ ಎಚ್‌ಬಿಎ1ಸಿ ತಪ್ಪು ತೋರಿಸ್ಬಹುದು. ಕಬ್ಬಿಣ ಕಮ್ಮಿ ಇದ್ರೆ ಇಲ್ಲದ್ದನ್ನ ಏರ್ಸಿ ತೋರಿಸ್ತದೆ, ರಕ್ತ ಹೋಗಿದ್ರೆ ಇಳ್ಸಿ ತೋರಿಸ್ತದೆ.

ಮನೆ ಮಿಷಿನ್ ಬಳಸೋರು ಕೈ ತೊಳ್ಕೊಂಡು ಒರೆಸ್ಕೊಂಡು ಚುಚ್ಚಿ. ಹಲಸಿನ ತೊಳೆ ಬಿಡಿಸಿದ ಕೈಯಲ್ಲೇ ಚುಚ್ಕೊಂಡು "300 ಬಂತು" ಅಂತ ಗಾಬರಿ ಬಿದ್ದು ಬಂದೋರನ್ನ ನೋಡಿದ್ದೀನಿ.

ಮುದ್ದೆಪ್ರಿಯ
ಎಲ್ಲಾ ಸರಿ, ಮುದ್ದೆ ಬಗ್ಗೆ ಯಾರೂ ಮಾತೇ ಆಡ್ಲಿಲ್ಲ. ಮುದ್ದೆ ತಿಂದ್ರೆ ಶುಗರ್ ಬರಲ್ಲ ಅನ್ನೋದು ಸುಳ್ಳಾ?

ಅರಸೀಕೆರೆ_ಮೇಷ್ಟ್ರು
ಸುಳ್ಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರದ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, ಪಾಲಿಶ್ ಅಕ್ಕಿಗೆ 78. ನಾರು ಮಾತ್ರ ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3ಕ್ಕಿಂತ ಕಮ್ಮಿ. ಸುಣ್ಣದ ಅಂಶದಲ್ಲಿ ರಾಗಿ ಬಹಳ ಮುಂದೆ. ಅಂದರೆ ರಾಗಿ ಅಕ್ಕಿಗಿಂತ ಮೇಲು, ಆದರೆ ಅದೂ ಸಕ್ಕರೆಯಾಗಿಯೇ ರಕ್ತಕ್ಕೆ ಹೋಗುವುದು. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿ ಕುಡಿದರಂತೂ ಸರ್ರನೆ ಏರುತ್ತದೆ.

ಮುದ್ದೆಪ್ರಿಯ
ನಮ್ಮಜ್ಜ ಎರಡು ತಿಂತಿದ್ದ ಸ್ವಾಮಿ, ಒಂದೊಂದೂ ತೆಂಗಿನಕಾಯಿ ಗಾತ್ರ.

ಕಳಸದ_ಕಾಫಿ
ನಿಮ್ಮಜ್ಜ ತಿಂದು ಸಂಜೆ ತನಕ ನೇಗಿಲು ಹೊಡೀತಿದ್ರು. ನೀವು ತಿಂದು ಬೈಕ್ ಹತ್ತೋದು. ದುಡಿಯೋ ಸ್ನಾಯು ಇನ್ಸುಲಿನ್ ಸಹಾಯ ಇಲ್ದೇನೂ ರಕ್ತದಿಂದ ಸಕ್ಕರೆ ಎಳ್ಕೊಳ್ತದೆ, ಅದಕ್ಕೇ ಊಟ ಆದ ಮೇಲೆ ಹತ್ತು-ಹದಿನೈದು ನಿಮಿಷ ನಡೀರಿ ಅನ್ನೋದು. ನಮ್ಮ ಮನೇಲಿ ಈಗ ಮಧ್ಯಾಹ್ನ ಒಂದು ಸಣ್ಣ ಮುದ್ದೆ, ತಟ್ಟೆ ತುಂಬ ಸೊಪ್ಪಿನ ಪಲ್ಯ, ಹುರುಳಿಕಾಳು ಬಸ್ಸಾರು. ಮೊದ್ಲು ಪಲ್ಯ-ಕಾಳು ಖಾಲಿ ಮಾಡಿ ಆಮೇಲೆ ಮುದ್ದೆ. ಹಾಗೆ ತಿಂದ್ರೆ ಊಟದ ಮೇಲಿನ ಏರಿಕೆ ಕಮ್ಮಿ ಇರ್ತದೆ, ಮಿಷಿನ್ ಇದ್ರೆ ನೀವೇ ನೋಡಿ.

ಮಲೆನಾಡಿನೋರಿಗೆ ಮುದ್ದೆಗಿಂತ ದೊಡ್ಡ ಕಷ್ಟ ಬೆಳಗ್ಗಿನ ಅಕ್ಕಿ ರೊಟ್ಟಿ, ಕಡುಬು. ಮತ್ತೆ ಬೆಲ್ಲದ ಕಾಫಿ! ಸಕ್ಕರೆ ಬಿಟ್ಟಿದ್ದೀವಿ ಅಂತ ಹೆಮ್ಮೆಯಿಂದ ಬೆಲ್ಲ ಹಾಕ್ಕೊಂಡು ದಿನಕ್ಕೆ ನಾಲ್ಕು ಲೋಟ ಇಳಿಸ್ತಾರೆ. ಬೆಲ್ಲದಲ್ಲಿ ಬಹುಪಾಲು ಇರೋದೂ ಅದೇ ಸಕ್ಕರೆ.

ಟೆಂಪೋ_ಸಕಲೇಶಪುರ
ಕಾಫಿ ರೇಟು ಏರಿದ್ಮೇಲೆ ತೋಟದೋರು ಸಕ್ಕರೆ ಬಿಟ್ರೆ ಏನು, ಬಾದಾಮಿ ತಿಂತಾರೆ 😂

ಕಳಸದ_ಕಾಫಿ
ರೇಟು ಏರಿದ ವರ್ಷ ಬೆಳೆನೇ ಉದುರಿ ಹೋಗಿತ್ತು ಮಾರಾಯ. ಬನ್ನಿ, ಆಳು ಕೂಲಿ ಲೆಕ್ಕ ತೋರಿಸ್ತೀನಿ.

ಟೆಂಪೋ_ಸಕಲೇಶಪುರ
ತಮಾಷೆಗೆ ಅಂದೆ ಅಣ್ಣ. ಈಗ ನಂದೊಂದು ಅನುಭವ ಕೇಳಿ, ಡ್ರೈವರ್‌ಗಳು ಯಾರಾದ್ರೂ ಇದ್ರೆ ಇದು ಮುಖ್ಯ. ನಂಗೆ ಮೂರು ಮದ್ದು ಒಂದರಲ್ಲೇ ಇರೋ ಮಾತ್ರೆ ಕೊಟ್ಟವ್ರೆ, ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್. ಮಂಗ್ಳೂರಿಗೆ ಲೋಡ್ ಇತ್ತು. ಕೆಳಗೆ ಗುಂಡ್ಯದಲ್ಲಿ ಊಟ ಮಾಡಾಣ ಅಂತ ಮಾತ್ರೆ ನುಂಗಿ ಹೊಂಟೆ. ದೋಣಿಗಲ್ ದಾಟ್ತಿದ್ದಂಗೆ ಮುಂದೆ ಗುಡ್ಡದ ಮಣ್ಣು ಬಿದ್ದು ಶಿರಾಡಿ ಜಾಮ್. ಹಿಂದೆನೂ ಇಲ್ಲ ಮುಂದೆನೂ ಇಲ್ಲ. ಸ್ವಲ್ಪ ಹೊತ್ತಿಗೆ ಕೈ ನಡುಕ, ಬೆನ್ನೆಲ್ಲ ಬೆವರು, ಎದೆ ಡವಡವ, ಮುಂದಿನ ಗಾಡಿ ನಂಬರ್ ಓದೋಕಾಗ್ತಿಲ್ಲ. ಹಾರ್ಟ್ ಅಟ್ಯಾಕೇ ಅಂದ್ಕೊಂಡೆ. ಕ್ಲೀನರ್ ಹುಡುಗ ಹಿಂದಿನ ಬಸ್ಸಿಂದ ಸಕ್ಕರೆ ಇಸ್ಕೊಂಡ್ ಬಂದ, ತಿಂದೆ, ಬೇಗ ಸರಿ ಹೋಗ್ಲಿಲ್ಲ. ಒಬ್ರು ಗ್ಲೂಕೋಸ್ ಪುಡಿ ಕೊಟ್ರು, ಆಗ ಜೀವ ಬಂತು. ಸಕ್ಕರೆಗೆ ಯಾಕೆ ಆಗ್ಲಿಲ್ಲ ಅಂತ ಇವತ್ತಿಗೂ ಗೊತ್ತಿಲ್ಲ.

ಬೇಲೂರ್_ಸಿಸ್ಟರ್
ಅದು ವೋಗ್ಲಿಬೋಸ್ ಇರೋದ್ರಿಂದ ಅಣ್ಣ. ಅಡುಗೆ ಸಕ್ಕರೆ ಕರುಳಲ್ಲಿ ಒಡೆದು ಗ್ಲೂಕೋಸ್ ಆಗ್ಬೇಕು, ಆ ಮದ್ದು ತಡೆಯೋದೇ ಆ ಒಡೆಯೋದನ್ನ. ನಿಮ್ಮಂಥ ಮಾತ್ರೆ ಇರೋರು ಜೇಬಲ್ಲಿ ಗ್ಲೂಕೋಸ್ ಪುಡಿನೇ ಇಟ್ಕೋಬೇಕು. ಆ ಮದ್ದು ಇಲ್ದೋರಿಗೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದ್ರೆ ಸಾಕು. 15 ನಿಮಿಷ ಬಿಟ್ಟು ನೋಡಿ ಇನ್ನೂ 70ರ ಕೆಳಗಿದ್ರೆ ಮತ್ತೊಮ್ಮೆ, ಆಮೇಲೆ ಊಟ. ಪ್ರಜ್ಞೆ ಇಲ್ದೋರ ಬಾಯಿಗೆ ಮಾತ್ರ ಏನೂ ಹಾಕ್ಬೇಡಿ, ಆಸ್ಪತ್ರೆಗೆ ಎತ್ಕೊಂಡ್ ಹೋಗಿ.

ಹಿಂಗೆ ಇಳಿಸೋದು ಗ್ಲಿಮೆಪಿರೈಡ್ ಜಾತಿ ಮಾತ್ರೆ ಮತ್ತು ಇನ್ಸುಲಿನ್. ಬರೀ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಸಾಮಾನ್ಯವಾಗಿ ಹೀಗಾಗಲ್ಲ. ಏಕಾದಶಿ, ಶಿವರಾತ್ರಿ ಉಪವಾಸ ಮಾಡೋರು ಯಾವ ಮಾತ್ರೆ ಬಿಡ್ಬೇಕು ಅಂತ ಮೊದ್ಲೇ ಕೇಳ್ಕೊಳ್ಳಿ.

ಟೆಂಪೋ_ಸಕಲೇಶಪುರ
ಇಷ್ಟು ದಿನ ಯಾರೂ ಹೇಳಿರ್ಲಿಲ್ಲ ಅಕ್ಕ. ಡ್ಯಾಶ್‌ಬೋರ್ಡಲ್ಲಿ ಎರಡು ಪ್ಯಾಕೆಟ್ ಇಡ್ತೀನಿ. ಇಲ್ಲಿಂದ ಮುಂದೆ ತಟ್ಟೆ ಎದುರಿಗೆ ಬಂದ್ಮೇಲೇ ಮಾತ್ರೆ.

ಸಿರಿ_ಚಿಕ್ಕಮಗಳೂರು
ನಂಗೆ ಬಸುರಿಯಲ್ಲಿ ಶುಗರ್ ಬಂದಿತ್ತು, ಹೆರಿಗೆ ಆದ್ಮೇಲೆ ಹೋಯ್ತು ಅಂದ್ರು. ನಂಗೂ ಈ ಚರ್ಚೆ ಅನ್ವಯ ಆಗುತ್ತಾ?

ಬೇಲೂರ್_ಸಿಸ್ಟರ್
ಆಗ್ತದಮ್ಮ. ಹೋದದ್ದು ಮುಂದೆ ಟೈಪ್ 2 ಆಗಿ ಬರೋ ಸಾಧ್ಯತೆ ಜಾಸ್ತಿ. ಒಂದರಿಂದ ಮೂರು ವರ್ಷದ ಒಳಗೆ ಒಮ್ಮೆ ನೋಡಿಸ್ತಾನೇ ಇರ್ಬೇಕು, ವರ್ಷಕ್ಕೊಮ್ಮೆ ಆದ್ರೆ ಒಳ್ಳೇದು. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಒಳಗಿರ್ಲಿ. ಗಂಡಸರಿಗೆ 90.

ಟೇಪ್_ಹಿಡಿದವ
90 ಸೆಂಟಿಮೀಟರ್!! ನಮ್ಮೂರ ಪಂಚಾಯ್ತಿ ಕಟ್ಟೇಲಿ ಒಬ್ರೂ ಪಾಸಾಗಲ್ಲ.

ಮೂಡಿಗೆರೆ_ಇಂಬಳ
ಕಾಲಿನ ವಿಷಯ ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ನಮ್ಮ ಭಾವನಿಗೆ ಹತ್ತಾರು ವರ್ಷದಿಂದ ಶುಗರ್. ತೋಟದಲ್ಲಿ ಬರಿಗಾಲು. ಇಂಬಳ ಕಚ್ಚಿ ರಕ್ತ ಸುರಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ, ಅಕ್ಕ ನೆಲದ ಮೇಲೆ ಕಲೆ ನೋಡಿ ಹೇಳಬೇಕಿತ್ತು. ನಾವೆಲ್ಲ "ಗಟ್ಟಿ ಕಾಲು" ಅಂತ ನಗುತ್ತಿದ್ದೆವು. ನರ ಸತ್ತಿದ್ದು ಅಂತ ಆಮೇಲೆ ತಿಳಿದದ್ದು. ಮಳೆಗಾಲದಲ್ಲಿ ಬಚ್ಚಲು ಒಲೆ ಮುಂದೆ ಕಾಲು ಚಾಚಿ ಕೂತು ಕಾಯಿಸಿಕೊಂಡಿದ್ದಾರೆ, ಅಂಗಾಲು ಬೊಬ್ಬೆ ಎದ್ದಿದೆ, ಉರಿ ಗೊತ್ತಾಗಿಲ್ಲ. ಅದು ಹುಣ್ಣಾಗಿ, ಒಂದು ಬೆರಳು ತೆಗೆದರು. ಅಷ್ಟಕ್ಕೆ ನಿಂತಿದ್ದು ಪುಣ್ಯ.

ಈಗ ಮನೆಯಲ್ಲಿ ನಿಯಮ: ತೋಟಕ್ಕೆ ಗಂಬೂಟು, ಹಾಕುವ ಮೊದಲು ಒಳಗೆ ಕೈ ಹಾಕಿ ಕಲ್ಲು, ಮುಳ್ಳು ನೋಡುವುದು. ರಾತ್ರಿ ಅಂಗಾಲು, ಬೆರಳ ಸಂದು ಅಕ್ಕ ನೋಡುತ್ತಾರೆ. ಸ್ನಾನದ ನೀರಿನ ಬಿಸಿ ಭಾವನ ಕಾಲಲ್ಲ, ಅಕ್ಕನ ಮೊಣಕೈ ನೋಡಬೇಕು. ಆಣಿಯನ್ನು ಬ್ಲೇಡಿನಲ್ಲಿ ಕೆತ್ತುವುದು ಬಂದ್.

ಲ್ಯಾಬ್_ಹುಡುಗ_ಹಾಸನ
ವರ್ಷಕ್ಕೊಂದ್ಸಲ ಕಣ್ಣಿನ ಪಾಪೆ ಹಿಗ್ಗಿಸಿ ಒಳಪರದೆ ನೋಡ್ಸೋದು, ಕಿಡ್ನಿ ಹೆಂಗಿದೆ ಅಂತ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್, ಜೊತೆಗೆ ಕೊಲೆಸ್ಟರಾಲ್. ಇಷ್ಟನ್ನೂ ಪಟ್ಟಿಗೆ ಸೇರ್ಸಿ. ಮೆಟ್‌ಫಾರ್ಮಿನ್ ವರ್ಷಗಟ್ಲೆ ತಗೊಳ್ಳೋರು ಬಿ12 ಕೂಡ. ಅದು ಕಮ್ಮಿ ಆದ್ರೂ ಕಾಲು ಜುಮುಗುಡ್ತದೆ, ಶುಗರ್ದೇ ಅಂತ ಸುಮ್ನಿದ್ಬಿಡ್ತಾರೆ.

ಟೇಪ್_ಹಿಡಿದವ
2025ರಲ್ಲಿ ಹಾಸನದಲ್ಲಿ ಸಾಲು ಸಾಲು ಹೃದಯಾಘಾತ ಅಂತ ಟಿವಿಲಿ ಬಂತಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ? ಕೋವಿಡ್ ಲಸಿಕೆಯಿಂದ ಅಂತ ನಮ್ಮ ಗ್ರೂಪಲ್ಲಿ ಇನ್ನೂ ಫಾರ್ವರ್ಡ್ ಬರ್ತಾ ಇದೆ.

ಅರಸೀಕೆರೆ_ಮೇಷ್ಟ್ರು
ಆ ಜೂನ್-ಜುಲೈನಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತರು ನಮ್ಮ ಜನ. ಸರ್ಕಾರ ಸಮಿತಿ ಮಾಡಿ ನೋಡಿಸಿತು, ಏಕಾಏಕಿ ಏರಿದ್ದು ಕಾಣಲಿಲ್ಲ ಎಂದಿತು, ಸಕ್ಕರೆ ಕಾಯಿಲೆ, ಬಿಪಿ, ಹೊಗೆಸೊಪ್ಪಿನಂಥ ಹಳೇ ಕಾರಣಗಳನ್ನೇ ತೋರಿಸಿತು. ಸಾಲು ನಿಂತವರಲ್ಲಿ ಎಷ್ಟು ಜನ ತಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಶುಗರ್ ನೋಡಿಸಿದ್ದರು? ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ 2023ರಲ್ಲಿ ಹೊರಬಂದಾಗ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅಂಚಿನಲ್ಲಿರುವವರು 13.6 ಕೋಟಿ ಎಂದಿತ್ತು. ಇದಕ್ಕೆ ಯಾರೂ ಟಿವಿ ಚರ್ಚೆ ಇಡಲಿಲ್ಲ.

ಕೊಪ್ಪದ_ಜಡಿಮಳೆ
ಮೇಷ್ಟ್ರೆ, ಹಾಗಾದ್ರೆ ಮಾತ್ರೆ ಬಿಡೋಕೆ ಆಗೋದೇ ಇಲ್ವಾ? ಪೂರ್ತಿ ವಾಸಿ ಆಯ್ತು ಅನ್ನೋರ ವಿಡಿಯೊ ಸಾವಿರ ಇದೆ.

ಅರಸೀಕೆರೆ_ಮೇಷ್ಟ್ರು
ಕೆಲವರಿಗೆ ಆಗುತ್ತದೆ. ಬ್ರಿಟನ್ನಿನಲ್ಲಿ ಡೈರೆಕ್ಟ್ ಎಂಬ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಕಾಯಿಲೆ ಗೊತ್ತಾಗಿ ಆರು ವರ್ಷದ ಒಳಗಿನ, ಇನ್ಸುಲಿನ್ ಹಾಕಿಕೊಳ್ಳದ, ತೂಕ ಹೆಚ್ಚಿದ್ದವರನ್ನು ತೀರ ಕಡಿಮೆ ಕ್ಯಾಲೊರಿಯ ಆಹಾರದಲ್ಲಿ ತಿಂಗಳುಗಟ್ಟಲೆ ಇಟ್ಟರು. ವರ್ಷದ ಕೊನೆಗೆ 46 ಶೇಕಡಾ ಜನ ಮಾತ್ರೆ ಇಲ್ಲದೆ 6.5ರ ಒಳಗಿದ್ದರು. 15 ಕಿಲೊ ಮತ್ತು ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ 86 ಶೇಕಡಾ. ತೂಕ ವಾಪಸ್ ಬಂದವರಿಗೆ ಸಕ್ಕರೆಯೂ ವಾಪಸ್ ಬಂತು. ಇದೆಲ್ಲ ವೈದ್ಯರ ಕಣ್ಗಾವಲಿನಲ್ಲಿ ನಡೆದದ್ದು. ಮಾತ್ರೆ ಎಸೆದು ಪುಡಿ ನೆಕ್ಕುವುದಕ್ಕೂ ಇದಕ್ಕೂ ಹೋಲಿಕೆ ಇಲ್ಲ.

ಆಲೂರ್_ಹೈದ
ಶನಿವಾರ ಊರಿಗೆ ಹೋಗಿದ್ದೆ. ಸಿಸ್ಟರ್ ಹೇಳಿದಂಗೆ ಊಟ ಆಗಿ ಎರಡು ಗಂಟೆಗೆ ಅಪ್ಪನ ಕೈಲೇ ಚುಚ್ಚಿಸ್ದೆ. 262. ಮಿಷಿನ್ ಕೆಟ್ಟದೆ ಅಂದ್ರು. ನಂದು ನೋಡ್ದೆ, 121. ಅಮ್ಮಂದು 134. ಮಿಷಿನ್ ಸರಿ ಐತೆ ಅಂತ ಅವರೇ ಸುಮ್ನಾದ್ರು.

ಆಮೇಲೆ ಅಮ್ಮ ಅಡುಗೆ ಮನೇಲಿ ಬಾಯ್ಬಿಟ್ರು. ಮಾರನೇ ದಿನ ಚೆಕ್ ಮಾಡೋದಿದ್ರೆ ಅಪ್ಪ ರಾತ್ರಿ ಮುದ್ದೆ ಬಿಟ್ಟು ಬರೀ ಮಜ್ಜಿಗೆ ಕುಡಿದು ಮಲಗ್ತಾರಂತೆ! 118ರ ಗುಟ್ಟು ಅದು.

ಟೇಪ್_ಹಿಡಿದವ
ಅಪ್ಪಾಜಿಗೆ ಜೈ 😂😂 ಪರೀಕ್ಷೆ ಹಿಂದಿನ ರಾತ್ರಿ ಓದೋ ಹುಡುಗರ ವಂಶ ನಾವೆಲ್ಲ.

ಬೇಲೂರ್_ಸಿಸ್ಟರ್
ಬೈಬೇಡಿ ಅವ್ರಿಗೆ. ಹೆದರಿಕೆಗೆ ಮಾಡ್ತಾರೆ. ಡಾಕ್ಟ್ರು, ಮಗ, ಹೆಂಡ್ತಿ ಎಲ್ಲ ಸೇರಿ ಗದರೋದ್ರಿಂದ ಒಳ್ಳೇ ನಂಬರ್ ತೋರಿಸೋದೇ ಕೆಲ್ಸ ಆಗ್ಬಿಡ್ತದೆ. ದೊಡ್ಡಪ್ಪನ ಹತ್ರಾನೂ ಜಗಳಕ್ಕೆ ಹೋಗ್ಬೇಡಿ, ಅವರನ್ನೂ ಕರ್ಕೊಂಡು ಇಬ್ರದ್ದೂ ಎಚ್‌ಬಿಎ1ಸಿ ಮಾಡ್ಸಿ. ತಾಲ್ಲೂಕು ಆಸ್ಪತ್ರೆ ಎನ್‌ಸಿಡಿ (ಅಂಟುಜಾಡ್ಯ ಅಲ್ಲದ ಕಾಯಿಲೆಗಳ) ಕ್ಲಿನಿಕ್ಕಲ್ಲಿ ಬಿಪಿ, ಶುಗರ್ ನೋಡ್ತಾರೆ, ಮಾತ್ರೆನೂ ಅಲ್ಲೇ ಕೊಡ್ತಾರೆ.

ಆಲೂರ್_ಹೈದ
ಸೋಮವಾರ ರಜೆ ಹಾಕಿ ಇಬ್ರನ್ನೂ ಕರ್ಕೊಂಡ್ ಹೋದೆ. ಅಪ್ಪಂದು 8.6. ದೊಡ್ಡಪ್ಪಂದು 10.2, ಅವರು ಇಷ್ಟು ವರ್ಷ ಆ ಪುಡಿ ತಿಂದು ಊರಿಗೆಲ್ಲ ಹಂಚಿದೋರು. ವಾಪಸ್ ಬರ್ತಾ ಕಾರಲ್ಲಿ ಒಂದು ಮಾತಿಲ್ಲ.

ಡಾಕ್ಟ್ರು ಎಸ್‌ಆರ್ ಮಾತ್ರೆಗೆ ಬದಲಾಯಿಸಿ, ರಾತ್ರಿ ಊಟದ ಜೊತೆ ಒಂದರಿಂದ ಶುರು ಮಾಡವ್ರೆ. ಕಣ್ಣಿನ ಒಳಪರದೆ ಪರೀಕ್ಷೆಗೆ ಬರೆದವ್ರೆ. ಎಲೆ ತಿಂತೀನಿ, ಬಿಡಲ್ಲ ಅಂದ್ರು ಅಪ್ಪ. ಮಾತ್ರೆ ಜೊತೆ ತಿನ್ನೋದಾದ್ರೆ ಶುಗರ್ ಬರೆದಿಟ್ಕೊಂಡು ತನ್ನಿ, ಪುಡಿ ಮಾತ್ರ ಬೇಡ ಅಂದ್ರು ಡಾಕ್ಟ್ರು. ಮಿಷಿನ್ ಈಗ ಅಮ್ಮನ ಸೆರಗಿಗೆ ಬಿದ್ದದೆ, ಯಾವಾಗ ಚುಚ್ಚೋದು ಅಂತ ಅವರೇ ಹೇಳೋದು.

ಮುದ್ದೆಪ್ರಿಯ
ಇದನ್ನೆಲ್ಲ ಓದಿ ನಾನೂ ನೋಡ್ಸಿದೆ. 6.1 ಬಂತು. ಅಜ್ಜನ ಹೆಸರು ಇನ್ಮೇಲೆ ಎತ್ತಲ್ಲ.

ಮೂಡಿಗೆರೆ_ಇಂಬಳ
ಅಂಚಿನಲ್ಲಿ ಸಿಕ್ಕಿದ್ದೀರಿ, ಒಳ್ಳೆಯದೇ ಆಯಿತು. ತೂಕ ಇಳಿಸಿ.

ಸಿಸ್ಟರ್, ಒಂದು ಪ್ರಶ್ನೆ ನನ್ನದೂ ಇದೆ. ಭಾವನಿಗೆ ಈಗ ಇನ್ಸುಲಿನ್. ಆಷಾಢದ ಮಳೆಗೆ ನಮ್ಮಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಫ್ರಿಜ್ ಇದ್ದೂ ಇಲ್ಲದ ಹಾಗೆ. ಇನ್ಸುಲಿನ್ ಹಾಳಾಗುತ್ತದೆಯೇ?

ಬೇಲೂರ್_ಸಿಸ್ಟರ್
ನಿಮ್ಮ ಕಡೆ ಮಳೆಗಾಲದ ತಂಪಿಗೆ ಹೆದರ್ಬೇಡಿ. ಬಳಸ್ತಾ ಇರೋ ಬಾಟಲಿ ಅಥವಾ ಪೆನ್ನು 30 ಡಿಗ್ರಿ ಒಳಗಿನ ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇರ್ತದೆ, ಡಬ್ಬಿ ಮೇಲೆ ಬರೆದಿರೋದನ್ನ ಒಮ್ಮೆ ಓದಿ. ಒಲೆ ಹತ್ರ, ಬಿಸಿಲು ಬೀಳೋ ಕಿಟಕೀಲಿ ಬೇಡ. ಇನ್ನೂ ಸೀಲ್ ತೆಗೆಯದ ಬಾಟಲಿಗಳನ್ನ ಜಾಸ್ತಿ ತಂದಿಡ್ಬೇಡಿ, ಅದಕ್ಕೆ ಫ್ರಿಜ್ ಬೇಕು. ಕರೆಂಟ್ ಬಂದಾಗ ಬೇಗ ತಣ್ಣಗಾಗ್ಲಿ ಅಂತ ಫ್ರೀಜರಿಗೆ ತುರುಕೋದು ಮಾತ್ರ ಮಾಡ್ಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ್ರೂ ಬಿಸಾಡೋದೇ.